ಹುಲ್ಲಿಗೆ ತೇಪೆ

ಅಂಬ್ರೋಸ್ ಥ್ವೇಟ್ ಅವರ ಕೋಟಿನ ಜೇಬಿನಲ್ಲಿ ಒಮ್ಮೆ ಹುಲ್ಲು ಮೊಳೆತಿತ್ತು. ಉತ್ಪ್ರೇಕ್ಷೆಯಲ್ಲ, ನಾನೇ ಕಣ್ಣಾರೆ ಕಂಡದ್ದು. ಮೊಣಕೈಗೆ ಚರ್ಮದ ತೇಪೆ ಹಾಕಿದ ಆ ಕಂದು ಉಣ್ಣೆಯ ಕೋಟಿನ ಎರಡೂ ಜೇಬುಗಳಲ್ಲಿ ವರ್ಷವಿಡೀ ಹುಲ್ಲಿನ ಬೀಜ ತುಂಬಿರುತ್ತಿತ್ತು. ಒಂದು ವಸಂತದಲ್ಲಿ ಜಡಿಮಳೆ ಹಿಡಿದು ಕೋಟು ಒಣಗದೇ ಉಳಿದಾಗ, ಬಲಜೇಬಿನ ಅಂಚಿನಿಂದ ಎಳೆಯ ಕುಡಿಗಳು ಸಂಕೋಚದಿಂದ ತಲೆ ಹೊರಹಾಕಿದ್ದವು. ಪಬ್ಬಿನಲ್ಲಿ ಅದನ್ನು ಮೊದಲು ಕಂಡವನು ತರಕಾರಿ ಅಂಗಡಿಯ ಬ್ಯಾರಕ್ಲಫ್. "ಏನೋ ಅಂಬ್ರೋಸ್, ಜೇಬಲ್ಲೇ ಗೋಮಾಳ ಮಾಡ್ಕೊಂಡಿದ್ದೀಯಲ್ಲೋ! ನಮ್ಮ ಮಾವನ ಕುರಿ ತಂದು ಬಿಡ್ಲಾ?" ಎಂದು ಅವನು ಎಲ್ಲರನ್ನೂ ನಗಿಸಿದ. ಥ್ವೇಟ್ ನಗಲಿಲ್ಲ. ಕುಡಿಗಳನ್ನು ಬೆರಳಿನಿಂದ ಸವರಿ, "ಒಳ್ಳೇ ಬೀಜ ಕಣಯ್ಯ ಇದು" ಎಂದರು.

ಯಾರ್ಕ್‌ಶೈರಿನ ನಮ್ಮ ಸಣ್ಣ ಊರಿನಲ್ಲಿ ಅವರು ಜೀವಮಾನವೆಲ್ಲ ಪರರ ಮನೆಗಳಿಗೆ ನೆಲಗಂಬಳಿ ಹಾಸಿದವರು. ಆ ವೃತ್ತಿಯಿಂದ ಬೆನ್ನು ಬಾಗಿತ್ತು, ನಡೆಯುವಾಗ ದೃಷ್ಟಿ ನೆಲದಲ್ಲೇ ಇರುತ್ತಿತ್ತು, ಯಾರ ಮನೆಗೆ ಹೋದರೂ ಮುಖಕ್ಕಿಂತ ಮೊದಲು ಕೋಣೆಯ ಮೂಲೆಗಳನ್ನು ನೋಡುತ್ತಿದ್ದರು. ನಿವೃತ್ತರಾದ ಮೇಲೆ ಆ ಶ್ರದ್ಧೆಯೆಲ್ಲ ಮನೆಯ ಮುಂದಿನ ಹುಲ್ಲುಹಾಸಿಗೆ ಸಂದಿತು. ಬೀದಿಗೆ ಕಾಣುವ ಹುಲ್ಲು ಎಂದರೆ ನಮ್ಮಲ್ಲಿ ಮನೆಯವರ ಮರ್ಯಾದೆ. ಅದರಲ್ಲಿ ಹಳದಿ ಕಲೆ ಬಿದ್ದರೆ ಸಾಕು, ನೆಲಗಂಬಳಿ ಕತ್ತರಿಸುವ ಹಳೆಯ ಚಾಕುವಿನಿಂದ ಸತ್ತ ಭಾಗವನ್ನು ಚೌಕಾಕಾರವಾಗಿ ಕೊಯ್ದು ತೆಗೆದು, ಅಡಿಯ ಮಣ್ಣನ್ನು ಧಾರಾಳವಾದ ನೀರಿನಿಂದ ತೊಳೆದು, ಹಿತ್ತಿಲಿನಿಂದ ಅದೇ ಅಳತೆಯ ಹುಲ್ಲನ್ನು ಬೇರುಮಣ್ಣಿನ ಸಮೇತ ಎತ್ತಿ ತಂದು ಕೂರಿಸಿ, ಸಂದಿಗಳಿಗೆ ಜೇಬಿನ ಬೀಜ ಉದುರಿಸಿ, ಮೊಣಕಾಲೂರಿ ಅಂಗೈಯಿಂದ ಒತ್ತುತ್ತಿದ್ದರು. ಹೀಗಾಗಿ ಮುಂದಿನ ಅಂಗಳ ಸದಾ ಅಖಂಡ, ಹಿತ್ತಿಲು ಮಾತ್ರ ಇಲಿ ಕಡಿದ ಕಂಬಳಿ.

ಕಲೆಗಳಿಗೆ ಕಾರಣ ಟೆಸ್, ಬೀದಿಯ ಕೊನೆಯ ಮನೆಯ ವಿಧವೆ ವಿನಿಫ್ರೆಡ್ ಹೋಲ್‌ರಾಯ್ಡ್ ಅವರ ಹೆಣ್ಣುನಾಯಿ. ಪ್ರತಿ ಬೆಳಗ್ಗೆ ಆಕೆ ನಾಯಿಯೊಂದಿಗೆ ಬಂದು ಥ್ವೇಟ್ ಅವರ ಹುಲ್ಲಿನ ಅಂಚಿಗೆ ನಿಲ್ಲುತ್ತಿದ್ದರು.

"ಮೋಡ ಕಟ್ಟಿದೆ, ಮಿಸ್ಟರ್ ಥ್ವೇಟ್."

"ಕಟ್ಟೋದೇನೋ ಕಟ್ಟಿದೆ, ಮಿಸೆಸ್ ಹೋಲ್‌ರಾಯ್ಡ್. ಸುರಿಯೋ ಹಾಗೆ ಕಾಣ್ಸಲ್ಲ ಬಿಡಿ."

ಅಷ್ಟರಲ್ಲಿ ಟೆಸ್ ಹುಲ್ಲಿನ ನಟ್ಟನಡುವೆ ಕುಳಿತು ತನ್ನ ಕೆಲಸ ಮುಗಿಸುತ್ತಿತ್ತು. ಆ ಗಳಿಗೆಯಲ್ಲಿ ಇಬ್ಬರೂ ಚರ್ಚಿನ ಗೋಪುರದ ಕಡೆ ಮುಖ ತಿರುಗಿಸಿರುತ್ತಿದ್ದರು. ಆಕೆ ತಿರುವು ದಾಟಿದ್ದೇ ತಡ, ಪೊದೆಯ ಹಿಂದೆ ತುಂಬಿಸಿಟ್ಟ ತಗಡಿನ ನೀರಿನ ಕ್ಯಾನು ಹಿಡಿದು ಥ್ವೇಟ್ ಓಡುತ್ತಿದ್ದರು. ಒಡನೆ ನೀರು ಹೊಯ್ದರೆ ಮೂತ್ರದ ಸಾರ ತೆಳುವಾಗಿ ಇಳಿದುಹೋಗುತ್ತದೆ, ಹುಲ್ಲು ಬದುಕುತ್ತದೆ. ಮಾತು ಬೆಳೆದ ದಿನ ನೀರು ತಡವಾಗುತ್ತಿತ್ತು. ಆದರೂ ಮಾತು ಬೆಳೆಯಲಿ ಎಂದೇ ಅವರ ಆಸೆ, ಏಕೆಂದರೆ ಮದುವೆಯಾಗದ ಆ ಒಂಟಿ ಮನುಷ್ಯನಿಗೆ ಇಡೀ ದಿನಕ್ಕೆ ದಕ್ಕುತ್ತಿದ್ದ ಸವಿ ಅದೊಂದೇ.

"ಇದೇನ್ರೀ, ಅಲ್ಲಲ್ಲಿ ಹಳದಿ?" ಎಂದು ಆಕೆ ಒಮ್ಮೆ ಕೇಳಿದರು.

"ಬೂಷ್ಟು. ಈ ವರ್ಷ ಎಲ್ಲಾ ಕಡೆ ಇದೆಯಂತೆ."

ನಮ್ಮ ಬೀದಿಯಲ್ಲಿ ಒಬ್ಬರ ಮಕ್ಕಳನ್ನು ದೂರಿದರೂ ಕ್ಷಮೆಯುಂಟು, ನಾಯಿಯನ್ನು ದೂರುವಂತಿಲ್ಲ. ಆದ್ದರಿಂದ ಬೂಷ್ಟು ವರ್ಷಗಟ್ಟಲೆ ಮುಂದುವರಿಯಿತು.

ಆಮೇಲೆ ಮಳೆ ಬಾರದ ಒಂದು ಬೇಸಿಗೆ ಬಂತು. ತೋಟಕ್ಕೆ ಕೊಳವೆಯಲ್ಲಿ ನೀರು ಬಿಡಕೂಡದೆಂದು ಆಜ್ಞೆಯಾಯಿತು, ಕಲೆಗಳು ಹೆಚ್ಚಿದವು. ಒಂದು ಬೆಳಗ್ಗೆ ಮಿಸೆಸ್ ಹೋಲ್‌ರಾಯ್ಡ್ ಹುಲ್ಲಿನ ಗೊಬ್ಬರದ ದೊಡ್ಡ ಪೊಟ್ಟಣವನ್ನು ಎದೆಗವಚಿಕೊಂಡು ಬಂದರು.

"ಇದು ಹಾಕಿದ್ರೆ ಹಸಿರಾಗತ್ತಂತೆ. ಕಲೆ ಇರೋ ಕಡೆ ಧಾರಾಳವಾಗಿ ಹಾಕಿ, ಕೈ ಬಿಗಿ ಹಿಡೀಬೇಡಿ."

ಆ ಹುಲ್ಲು ಸಾಯುತ್ತಿದ್ದದ್ದು ಹಸಿವಿನಿಂದಲ್ಲ, ಅಜೀರ್ಣದಿಂದ. ಮೂತ್ರದಲ್ಲಿರುವ ಸಾರವೇ ಗೊಬ್ಬರದಲ್ಲೂ ಇರುವುದು. ಅಳತೆಯಲ್ಲಿದ್ದರೆ ಅದು ಹುಲ್ಲನ್ನು ಕೊಬ್ಬಿಸುತ್ತದೆ, ಮೀರಿದರೆ ಬೇರನ್ನೇ ಸುಡುತ್ತದೆ. ಪ್ರತಿ ಕಲೆಯ ಅಂಚಿನಲ್ಲಿ ದಟ್ಟ ಹಸಿರು, ನಡುವೆ ಬೂದಿ ಇರುವುದನ್ನು ಥ್ವೇಟ್ ದಿನವೂ ಕಂಡವರು. ಬೇಡವೆನ್ನಬಹುದಿತ್ತು. ಆದರೆ ಬೇಡವೆಂದರೆ ಕಾರಣ ಕೊಡಬೇಕು, ಆ ಕಾರಣ ನಾಲ್ಕು ಕಾಲಿನ ಮೇಲೆ ನಿಂತು ಅವರನ್ನೇ ನೋಡುತ್ತಾ ಬಾಲ ಆಡಿಸುತ್ತಿತ್ತು. "ತುಂಬಾ ಉಪಕಾರ ಆಯ್ತು" ಎಂದು ಅವರು ಆಕೆಯ ಕಣ್ಣೆದುರೇ ಪೊಟ್ಟಣ ಬಿಚ್ಚಿ, ತಮ್ಮ ಹುಲ್ಲಿಗೆ ತಾವೇ ಬೊಗಸೆಗಟ್ಟಲೆ ಬೆಂಕಿ ಎರಚಿದರು.

ಕ್ಯಾನಿನ ನೀರು ಎಲ್ಲಿಗೂ ಸಾಲಲಿಲ್ಲ. ವಾರ ಕಳೆಯುವಷ್ಟರಲ್ಲಿ ಹುಲ್ಲುಹಾಸು ಬ್ರೆಡ್ಡಿನ ತೊಗಟೆಯ ಬಣ್ಣಕ್ಕೆ ತಿರುಗಿತು. ಆಕೆ ಅದನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದರು. "ಅಯ್ಯೋ ದೇವ್ರೇ, ನನ್ನ ಕೈಯಾರೆ ಕೊಂದ್ಬಿಟ್ನಲ್ಲ!" ಮರುದಿನದಿಂದ ಟೆಸ್‌ನೊಡನೆ ಕಾಲುವೆಯ ಪಕ್ಕದ ದಾರಿ ಹಿಡಿದರು.

ಥ್ವೇಟ್ ಮಾತ್ರ ದಿನವೂ ಅದೇ ಹೊತ್ತಿಗೆ ಕ್ಯಾನು ತುಂಬಿಸಿ ಪೊದೆಯ ಹಿಂದಿಟ್ಟು ನಿಲ್ಲುತ್ತಿದ್ದರು. ತೇಪೆ ಹಾಕುವುದನ್ನು ಬಿಟ್ಟೇಬಿಟ್ಟರು. ಎದುರು ಮನೆಯ ಕಿಟಕಿಯಿಂದ ನಾನು ಅದನ್ನು ನೋಡುತ್ತಿದ್ದೆ. ಮೂಲ ತಪ್ಪು ಗೊಬ್ಬರದ್ದಲ್ಲವೆಂದು ಆಕೆಯನ್ನು ಸಮಾಧಾನ ಮಾಡಬೇಕಾದರೆ ತಪ್ಪು ನಾಯಿಯದೆನ್ನಬೇಕು. ಹೇಳಿದರೂ ಆಕೆಗೆ ಅವಮಾನ, ಹೇಳದಿದ್ದರೂ ಆಕೆಗೇ ನೋವು. ಕೊನೆಗೊಂದು ಭಾನುವಾರ ಕೋಟಿನ ಜೇಬಿನ ಬೀಜವನ್ನೆಲ್ಲ ಕೊಡವಿ, ಕೂದಲು ಒತ್ತಿ ಬಾಚಿ, ಬೀದಿಯ ಕೊನೆಯವರೆಗೆ ನಡೆದು ಅವರು ಆ ಬಾಗಿಲು ತಟ್ಟಿದರು.

ಮುಂದಿನದನ್ನು ನನಗೆ ಹೇಳಿದವರು ಮಿಸೆಸ್ ಹೋಲ್‌ರಾಯ್ಡ್ ಅವರೇ. ಥ್ವೇಟ್ ಮೊದಲು ಮೋಡದ ವಿಷಯ ಮಾತಾಡಿದರಂತೆ, ಆಮೇಲೆ ಹೊಸ್ತಿಲಿನ ಕಾಲೊರಸನ್ನು ನೋಡಿದರಂತೆ.

"ಗೊಬ್ಬರದ್ದಲ್ಲ ತಪ್ಪು. ಬೂಷ್ಟೂ ಅಲ್ಲ. ಅದು... ಟೆಸ್."

"ಗೊತ್ತು" ಎಂದರು ಆಕೆ. "ಮೊದಲ್ನೇ ದಿನದಿಂದ್ಲೂ ಗೊತ್ತು ಕಣ್ರೀ. ನಿಮಗೇ ಗೊತ್ತಿಲ್ಲ ಅಂದ್ಕೊಂಡಿದ್ದೆ. ಅದಕ್ಕೇ ಮನಸ್ಸು ತಡೀದೆ ಗೊಬ್ಬರ ತಂದೆ."

"ಮೊದ್ಲೇ ಬೇರೆ ದಾರೀಲಿ ಕರ್ಕೊಂಡ್ಹೋಗ್ಬಹುದಿತ್ತಲ್ಲ?"

"ಬೇರೆ ದಾರೀಲಿ ನೀವು ಇರ್ತಿರ್ಲಿಲ್ವಲ್ಲ."

ಬೇಸಿಗೆ ಕಳೆದು ಮಳೆ ಬಂದು ಮಣ್ಣು ತಂಪಾದಾಗ ಇಬ್ಬರೂ ಸೇರಿ ಆ ನೆಲವನ್ನು ಕೆದಕಿದರು, ಮತ್ತೆ ಮತ್ತೆ ನೀರು ಹೊಯ್ದು ತೊಳೆದರು, ಹೊಸ ಮಣ್ಣು ಹರಡಿ ಬೀಜ ಬಿತ್ತಿದರು. ಪೊದೆಯ ಪಕ್ಕದ ಮೂಲೆಯಲ್ಲಿ ಮರದ ತೊಗಟೆಯ ಚೂರು ಹಾಸಿ ಟೆಸ್‌ಗೆಂದೇ ಜಾಗ ಮಾಡಿದರು. ಹಗ್ಗ ಹಿಡಿದು ಅಲ್ಲಿಗೇ ಕರೆದೊಯ್ದು ಬಿಸ್ಕತ್ತು ಕೊಟ್ಟು ಅಭ್ಯಾಸ ಮಾಡಿಸಿದರು. ಟೆಸ್ ಆಗೀಗ ಮರೆಯುತ್ತದೆ. ಆಗ ಕ್ಯಾನು ಹಿಡಿದು ಓಡುವವರು ಮಿಸೆಸ್ ಹೋಲ್‌ರಾಯ್ಡ್.

ಬಾಯಿಬಿಟ್ಟು ಒಂದು ಮಾತು ಆಡುವುದಕ್ಕಿಂತ ಬಾಳೆಲ್ಲ ತೇಪೆ ಹಾಕುವುದೇ ಸುಲಭವೆಂದು ನಂಬಿದ ಜನ ಇವರು. ಇವರನ್ನು ಹೇಡಿಗಳೆನ್ನಲು ನನಗೆ ಮನಸ್ಸಿಲ್ಲ. ಇನ್ನೊಬ್ಬರ ಮುಖ ಸಣ್ಣದಾಗದಿರಲೆಂದು ತಮ್ಮ ಹಿತ್ತಿಲನ್ನು ಚಿಂದಿ ಮಾಡಿಕೊಂಡವರು ಅವರು. ಅಳತೆ ಮೀರಿದರೆ ಸೌಜನ್ಯವೂ ಬೇರು ಸುಡುತ್ತದೆಂದು ಅವರಿಗೆ ಯಾರೂ ಹೇಳುವುದಿಲ್ಲ, ಹೇಳುವುದು ಸೌಜನ್ಯವಲ್ಲವಲ್ಲ! ಅಂಥವರು ಒಮ್ಮೆ ಎದೆ ಗಟ್ಟಿ ಮಾಡಿ ನಿಜ ನುಡಿಯಲು ಹೋದಾಗ, ಆ ನಿಜ ಆಚೆಯವರಿಗೆ ಎಂದೋ ಗೊತ್ತಿರುತ್ತದೆ. ಆಚೆಯವರು ಅಷ್ಟು ಕಾಲ ಕಾದು ಕೂತಿದ್ದು ಬಾಗಿಲು ತಟ್ಟುವ ಸದ್ದಿಗಾಗಿ.