ನಲವತ್ತೊಂದನೆಯ ಧ್ವನಿ

ನಮ್ಮ ವಿಭಾಗದಲ್ಲಿ ನನ್ನನ್ನು ತಕ್ಕಡಿ ಎಂದು ಕರೆಯುತ್ತಾರೆ. ಅದು ಹೊಗಳಿಕೆ ಎಂದೇ ಬಹಳ ದಿನ ತಿಳಿದಿದ್ದೆ.

ನಾವು ರೈಲು ಓಡಿಸುವವರ ಬಗ್ಗೆ ಸಂಶೋಧನೆ ಮಾಡುತ್ತಿದ್ದೆವು. ಹಳಿಯ ಮೇಲೆ ಬಂದು ನಿಂತವರನ್ನು ಉಳಿಸಲಾಗದೆ ಮುಂದೆ ಹೋಗಿ ನಿಂತ ಚಾಲಕರು, ಅದಾದ ಮೇಲೆ ಅವರ ನಿದ್ದೆ, ಸಿಟ್ಟು, ಸಂಸಾರ. ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ ವಿದ್ಯಾರ್ಥಿಯೊಬ್ಬ ಒಂದು ಗಂಟೆ ಅವರನ್ನು ಮಾತಾಡಿಸುತ್ತಿದ್ದ. ಆ ರೆಕಾರ್ಡಿಂಗ್ ಹೆಸರಿಲ್ಲದೆ, ಬರೀ ಸಂಖ್ಯೆಯೊಂದಿಗೆ ನಮ್ಮ ಕೋಣೆಗೆ ಬರುತ್ತಿತ್ತು. ನಾನು ಮತ್ತು ನನ್ನ ಸಹೋದ್ಯೋಗಿ ಬೇರೆ ಬೇರೆಯಾಗಿ ಕೂತು ಕೇಳಿ, ಇಪ್ಪತ್ತು ಪ್ರಶ್ನೆಗಳಿಗೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಹಾಕಬೇಕು. ಸಹೋದ್ಯೋಗಿ ಹದಿನೆಂಟು ವರ್ಷ ವಾರ್ಡಿನಲ್ಲಿ ನರ್ಸ್ ಆಗಿದ್ದವರು. ಎಲ್ಲರಿಗೂ ಅವರು ಸಿಸ್ಟರ್.

ಒಟ್ಟು ಅಂಕ ಎಷ್ಟೇ ಇರಲಿ, ಒಂದು ಷರತ್ತಿತ್ತು. ನಡೆದದ್ದನ್ನು ನೆನಪಿಸುವ ಯೋಚನೆಗಳಿಂದಲೋ, ಜಾಗ ಮತ್ತು ಜನರಿಂದಲೋ ಆ ಮನುಷ್ಯ ತಪ್ಪಿಸಿಕೊಳ್ಳುತ್ತಿದ್ದಾನೆಯೇ ಎಂಬ ಎರಡು ಪ್ರಶ್ನೆಗಳಲ್ಲಿ ಒಂದಕ್ಕಾದರೂ ಎರಡು ಅಂಕ ಬರಲೇಬೇಕು. ಬರದಿದ್ದರೆ ಆಘಾತದ ಕಾಯಿಲೆ ಇಲ್ಲ ಎಂದೇ ಲೆಕ್ಕ. ಕಾಯಿಲೆ ಇದ್ದವರಿಗೆ ಎಂಜಿನ್‌ನಿಂದ ಹನ್ನೆರಡು ವಾರ ಬಿಡುವು, ವಾರಕ್ಕೆರಡು ಸಲ ಚಿಕಿತ್ಸೆ. ಇಲ್ಲದವರಿಗೆ ಕಾಯಿಲೆ ಇಲ್ಲ ಎಂಬ ಒಂದು ಕಾಗದ.

'ಹೇಳಿದ್ದಕ್ಕೆ ಮಾತ್ರ ಅಂಕ, ಊಹೆಗೆ ಅಂಕವಿಲ್ಲ' ಎಂಬುದು ನಮ್ಮ ಕೈಪಿಡಿಯ ಮೊದಲ ಪುಟದ ಸಾಲು. ನನ್ನ ಪ್ರತಿಯಲ್ಲಿ ಅದರ ಕೆಳಗೆ ಕೆಂಪು ಗೆರೆ ಎಳೆದಿದ್ದೆ.

ನಲವತ್ತೊಂದನೆಯ ರೆಕಾರ್ಡಿಂಗ್ ಕೇಳತೊಡಗಿ ಎರಡು ನಿಮಿಷ ಆಗಿರಬಹುದು. ವಿದ್ಯಾರ್ಥಿ ಪ್ರಶ್ನೆ ಕೇಳಿದ. ಉತ್ತರಕ್ಕೆ ಮೊದಲು ಬೆರಳ ಗೆಣ್ಣಿನಿಂದ ಮೇಜಿನ ಮೇಲೆ ಎರಡು ಸಲ ಟಕಟಕ ಎಂದು ಕುಟ್ಟಿದ ಸದ್ದು. ಆಮೇಲೆ, "ಹೂಂ, ಹೇಳ್ತೀನಿ." ಊಟದ ಮೇಜಿನ ಮೇಲೆ ಆ ಟಕಟಕವನ್ನು ಮೂವತ್ತು ವರ್ಷದಿಂದ ಕೇಳುತ್ತ ಬಂದಿದ್ದೇನೆ. ಅದು ನನ್ನ ಅಣ್ಣ.

ಅವನು ಬರುವುದಿಲ್ಲ ಎಂದುಕೊಂಡಿದ್ದೆ. ಅವನ ರೈಲಿಗೆ ಒಬ್ಬ ಸಿಕ್ಕಿ ಹದಿನಾಲ್ಕು ತಿಂಗಳಾಗಿತ್ತು, ಅಂದಿನಿಂದ ಅತ್ತಿಗೆ ಫೋನಿನಲ್ಲಿ ಅಳುತ್ತಿದ್ದರು. ಮಾತಿಲ್ಲ, ಮಗಳ ಮುಖ ನೋಡುವುದಿಲ್ಲ, ತಟ್ಟೆ ಬಿದ್ದರೆ ಮನೆ ಹಾರಿಹೋಗುವ ಹಾಗೆ ಕೂಗುತ್ತಾನೆ. "ನಮ್ಮಲ್ಲಿಗೇ ಕಳಿಸಿ ಅತ್ತಿಗೆ" ಎಂದಿದ್ದೆ. "ತಂಗಿ ಆಫೀಸಿನವರ ಮುಂದೆ ಕೂತು ಅಳೋಕೆ ನಂಗೇನು ಹುಚ್ಚಾ?" ಎಂದು ಅವನು ಕಡ್ಡಿ ಮುರಿದಂತೆ ಹೇಳಿದ್ದನಂತೆ. ಈಗ ಯಾರಿಗೂ ಹೇಳದೆ ಬಂದಿದ್ದ.

ಪರಿಚಯದ ಧ್ವನಿ ಕೇಳಿದರೆ ಹೆಡ್‌ಫೋನ್ ತೆಗೆದಿಟ್ಟು, ಹಳದಿ ಫಾರಂ ತುಂಬಿ, ರೆಕಾರ್ಡಿಂಗನ್ನು ನಮ್ಮಂತೆಯೇ ಅಂಕ ಹಾಕುವ ಮೂರನೆಯವಳಿಗೆ ಒಪ್ಪಿಸಬೇಕು ಎಂಬುದು ನಿಯಮ. ಮೂರನೆಯವಳು ಹೆರಿಗೆ ರಜೆಯಲ್ಲಿದ್ದಳು. ಚಿಕಿತ್ಸೆಗೆ ಜನರನ್ನು ಸೇರಿಸಿಕೊಳ್ಳುವುದು ಇನ್ನು ಒಂಬತ್ತು ದಿನಕ್ಕೆ ಮುಗಿಯುತ್ತಿತ್ತು. ಫಾರಂ ತುಂಬಿದರೆ ಅಣ್ಣ ಹೊರಗೆ ಉಳಿಯುತ್ತಿದ್ದ. ತುಂಬಲಿಲ್ಲ. ಪಕ್ಷಪಾತ ನುಸುಳದ ಹಾಗೆ ನೋಡಿಕೊಂಡರಾಯಿತು, ಅಷ್ಟು ಶಿಸ್ತು ನನಗಿದೆ ಎಂದು ನಂಬಿದೆ. ಹೆಡ್‌ಫೋನ್ ಇನ್ನಷ್ಟು ಒತ್ತಿಕೊಂಡೆ.

"ತಿರುವು ದಾಟಿದ ಕೂಡಲೇ ಕಂಡ. ಹಾರ್ನ್ ಹಾಕಿದೆ. ಅವನು ಕೈ ಎತ್ತಿದ. ಹೆದರಿಕೊಂಡು ಅಲ್ಲ. ಬಸ್ಸಿಗೆ ಕೈ ತೋರಿಸ್ತಾರಲ್ಲ, ಹಾಗೆ. ನಾನು ನಿಲ್ಲಿಸ್ತೀನಿ, ಅವನು ಹತ್ತುತ್ತಾನೆ ಅನ್ನೋ ಥರ. ಬ್ರೇಕ್ ಹಾಕಿದೆ. ರೈಲು ಬಸ್ಸಲ್ಲವಲ್ಲ. ಆರುನೂರು ಮೀಟರ್ ಮುಂದೆ ಹೋಗಿ ನಿಂತಿತು."

ಕೆಟ್ಟ ಕನಸಿಗೆ ನಾಲ್ಕು. ಸಿಟ್ಟಿಗೆ ನಾಲ್ಕು. ಬೆಚ್ಚಿಬೀಳುವುದಕ್ಕೆ ಮೂರು. ಆಮೇಲೆ ಆ ಎರಡು ಪ್ರಶ್ನೆಗಳು ಬಂದವು.

ನೆನಪು ಬಂದಾಗ ತಳ್ಳಿಹಾಕುತ್ತೀರಾ ಎಂದು ವಿದ್ಯಾರ್ಥಿ ಕೇಳಿದ. "ಬಂದ್ರೆ ಬರಲಿ ಅಂತ ಬಿಡ್ತೀನಿ. ಎಂಜಿನ್‌ನಲ್ಲಿ ಓಡಿ ಹೋಗೋಕೆ ಜಾಗ ಎಲ್ಲಿದೆ?" ಸೊನ್ನೆ.

ಅದನ್ನು ನೆನಪಿಸುವ ಜಾಗ, ಜನರಿಂದ ದೂರ ಇರುತ್ತೀರಾ? ಮೇಜಿನ ಮೇಲೆ ಟಕಟಕ. "ಎಲ್ಲಿ ದೂರ ಇರೋದು? ದಿನಾ ಅದೇ ತಿರುವು, ಅದೇ ಟೈಮು." ಅಭ್ಯಾಸಗಳೇನಾದರೂ ಬದಲಾಗಿವೆಯೇ? "ಏನಿಲ್ಲ. ಡ್ಯೂಟಿ ಮುಗಿದ ಮೇಲೆ ಮನೆಗೆ ನಡ್ಕೊಂಡು ಹೋಗ್ತೀನಿ. ಐದು ಕಿಲೋಮೀಟರ್. ವ್ಯಾಯಾಮ."

ಆ ಹುಡುಗ ಮುಂದಿನ ಪ್ರಶ್ನೆಗೆ ಹೋದ. ನಾನು ರೆಕಾರ್ಡಿಂಗ್ ನಿಲ್ಲಿಸಿದೆ.

ಬಸ್ಸಿನ ಪಾಸು ಅಣ್ಣನ ಮನೆಯ ಕಪಾಟಿನಲ್ಲಿ ಧೂಳು ಹಿಡಿದಿತ್ತು. ಮಳೆಯಲ್ಲಿ ನೆನೆದು ಜ್ವರ ಬಂದರೂ ಇವರಿಗೆ ನಡಿಗೆಯ ಚಟ ಎಂದು ಅತ್ತಿಗೆ ಬೈದದ್ದು ನೆನಪಾಯಿತು. ಕಳೆದ ವರ್ಷ ನಾವಿಬ್ಬರೂ ಎಲ್ಲಿಗೋ ಹೊರಟಾಗ ಬಸ್ ಸ್ಟಾಪಿನಲ್ಲಿ ಅವನು ಪಕ್ಕದ ಅಂಗಡಿಯ ಗೋಡೆಗೆ ಮುಖ ಮಾಡಿ ನಿಂತಿದ್ದ. ಜಾಹೀರಾತು ಓದುತ್ತಿದ್ದಾನೆ ಎಂದುಕೊಂಡಿದ್ದೆ. ಈಗ ಗೊತ್ತಾಯಿತು. ಬಸ್ ಸ್ಟಾಪಿನಲ್ಲಿ ಜನ ಕೈ ಎತ್ತುತ್ತಾರೆ.

ಆದರೆ ಇದಾವುದೂ ರೆಕಾರ್ಡಿಂಗಿನಲ್ಲಿ ಇರಲಿಲ್ಲ. ತಂಗಿಗೆ ಗೊತ್ತಿದ್ದದ್ದಕ್ಕೆ ಅಂಕವಿಲ್ಲ. ಒಂದು ಹಾಕಿದೆ.

ನಮ್ಮಿಬ್ಬರ ಅಂಕಗಳಲ್ಲಿ ವ್ಯತ್ಯಾಸ ಬಂದರೆ ಎದುರುಬದುರು ಕೂತು ಒಪ್ಪಂದಕ್ಕೆ ಬರಬೇಕಿತ್ತು. ಮಾರನೆಯ ದಿನ ಸಿಸ್ಟರ್ ತಮ್ಮ ಹಾಳೆಯನ್ನು ನನ್ನ ಮುಂದಿಟ್ಟರು.

"ಏನಮ್ಮ ತಕ್ಕಡಿ, ಇಲ್ಲಿ ಒಂದು ಹಾಕಿದ್ದೀಯ? ನಾನು ಮೂರು ಹಾಕಿದ್ದೀನಿ."

"ವ್ಯಾಯಾಮ ಅಂತ ಅವರೇ ಹೇಳಿದ್ದಾರಲ್ಲ ಸಿಸ್ಟರ್."

"ಎಂಟು ಗಂಟೆ ಎಂಜಿನ್‌ನಲ್ಲಿ ಕುಲುಕಾಡಿದ ಮೇಲೆ ಯಾವ ಗಂಡಸು ವ್ಯಾಯಾಮ ಅಂತ ಐದು ಕಿಲೋಮೀಟರ್ ನಡೀತಾನೆ? ನಮ್ಮನೆಯವರು ಟಿವಿ ರಿಮೋಟು ಎತ್ತಿಕೊಡೋಕೂ ನನ್ನನ್ನ ಕರೀತಾರೆ."

"ಅದು ನಮ್ಮ ಊಹೆ ಆಯ್ತು."

"ಬಸ್ಸಿಗೆ ಕೈ ತೋರಿಸೋ ಹಾಗೆ ಅಂತ ಅವನೇ ಹೇಳ್ತಾನೆ. ಬಸ್ಸು ಬಿಟ್ಟು ನಡೀತೀನಿ ಅಂತಾನೂ ಅವನೇ ಹೇಳ್ತಾನೆ. ನಡುವೆ ಇರೋದು ಒಂದು ಗೇಣು. ಅಷ್ಟೂ ದಾಟಬಾರದಾ?"

"ಹುಡುಗ ಕೇಳಬೇಕಿತ್ತು. ಕೇಳಲಿಲ್ಲ. ಬಸ್ಸು ಬಿಟ್ಟೆ ಅಂತ ಅವರು ಹೇಳಿಲ್ಲ, ನಡೀತೀನಿ ಅಂದಿದ್ದಾರೆ ಅಷ್ಟೆ."

"'ಏನಿಲ್ಲ ಸಿಸ್ಟರ್' ಅಂದವರನ್ನೇ ನಾನು ವಾರ್ಡಿನಲ್ಲಿ ಮೊದಲು ನೋಡ್ತಿದ್ದೆ ಗೊತ್ತಾ? ಕೂಗಾಡೋವರು ಹೇಗೋ ಬದುಕಿಕೊಳ್ತಿದ್ರು."

"ಅದು ವಾರ್ಡು. ಇದು ಅಳತೆ."

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಸರಿ, ನಿಂದೂ ಬೇಡ ನಂದೂ ಬೇಡ. ಎರಡು ಹಾಕೋಣ. ಪಾಪ, ಬಾಕಿ ಎಲ್ಲಾದರಲ್ಲೂ ಮುಳುಗಿ ಹೋಗಿದ್ದಾನೆ."

ಎರಡು ಸಾಕಾಗಿತ್ತು. ಹೂಂ ಎಂದಿದ್ದರೆ ಮುಗಿದಿತ್ತು. ಆದರೆ ಒಪ್ಪಿಕೊಳ್ಳಬೇಕೆಂಬ ಆಸೆ ಗಂಟಲವರೆಗೆ ಬಂದದ್ದೇ ನನಗೆ ಸಾಕ್ಷಿಯಾಗಿ ಕಂಡಿತು. ಇದೇ ಪಕ್ಷಪಾತ, ಇದೇ ರಕ್ತ ಮಾತಾಡುವುದು ಎಂದುಕೊಂಡೆ.

"ಪಾಪ ಅನ್ನೋದಕ್ಕೆ ಕೈಪಿಡಿಯಲ್ಲಿ ಅಂಕ ಇಲ್ಲ ಸಿಸ್ಟರ್," ಎಂದೆ.

ಅವರು ನನ್ನ ಒಂದಕ್ಕೇ ಸಹಿ ಹಾಕಿದರು. "ನಿನ್ನ ಹತ್ರ ವಾದ ಮಾಡೋದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳೋದೂ ಒಂದೇ."

ಒಟ್ಟು ಐವತ್ತೆರಡು ಅಂಕ. ಮೂವತ್ತೈದು ಬಂದವರಿಗೆ ಚಿಕಿತ್ಸೆ ಸಿಕ್ಕಿತ್ತು. ನಲವತ್ತೊಂದನೆಯವನಿಗೆ ಕಾಗದ ಹೋಯಿತು.

ಎರಡು ವಾರದ ಮೇಲೆ ಅಣ್ಣನ ಮನೆಗೆ ಹೋದೆ. ಕಾಗದ ಊಟದ ಮೇಜಿನ ಮೇಲೇ ಇತ್ತು, ಉಪ್ಪಿನ ಡಬ್ಬಿಯ ಕೆಳಗೆ.

"ನೋಡು ಪುಟ್ಟಿ, ನಿಮ್ಮವರದ್ದೇ ಸರ್ಟಿಫಿಕೇಟ್," ಎಂದ ಅಣ್ಣ. ನಗಲು ನೋಡಿದ. "ನನಗೆ ಏನೂ ಆಗಿಲ್ಲವಂತೆ."

ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. ಅಷ್ಟು ತಣ್ಣಗಿನ ದನಿಯನ್ನು ನಾನು ಅವರಲ್ಲಿ ಕೇಳಿರಲಿಲ್ಲ. "ಕಾಯಿಲೆ ಅಂದುಕೊಂಡೇ ಇಷ್ಟು ದಿನ ಹಲ್ಲುಕಚ್ಚಿಕೊಂಡಿದ್ದೆ. ಕಾಯಿಲೆ ಇಲ್ಲ ಅಂದ್ರೆ? ನನಗೆ, ಆ ಮಗೂಗೆ ಮಾಡಿದ್ದೆಲ್ಲ ಬೇಕು ಅಂತಲೇ ಮಾಡಿದ್ದಾ?"

ಅಣ್ಣ ಮೇಜನ್ನು ಕುಟ್ಟಲಿಲ್ಲ. ಕೂಗಲೂ ಇಲ್ಲ. "ನಾನೇ ಹೀಗೆ ಅಂತ ಕಾಣುತ್ತೆ," ಎಂದ. "ಓದಿದೋರು ನೋಡಿ ಹೇಳಿದ್ದಾರೆ. ಇನ್ನು ಸುಮ್ಮನೆ ನೆಪ ಹುಡುಕಬಾರದು."

"ಬೇರೆ ಡಾಕ್ಟರ್ ಹತ್ರ ತೋರಿಸೋಣ ಅಣ್ಣ," ಎಂದೆ.

"ಯಾಕೆ? ನಿಮ್ಮವರ ಮೇಲೆ ನಿನಗೇ ನಂಬಿಕೆ ಇಲ್ವಾ?"

ಆ ವಾರವೇ ಅತ್ತಿಗೆ ಮಗಳನ್ನು ಕರೆದುಕೊಂಡು ತಮ್ಮ ಅಕ್ಕನ ಮನೆಗೆ ಹೋದರು. ಎರಡೂ ಸೂಟ್‌ಕೇಸು ತೆಗೆದುಕೊಂಡು ಹೋದರು.

ನಾನು ಸಂಶೋಧನೆಯ ಮುಖ್ಯಸ್ಥೆ ಪ್ರೊಫೆಸರ್ ಮೇಡಂ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಬಾಗಿಲು ಹಾಕಿದರು. "ಈಗ ಫಾರಂ ಕೊಟ್ಟರೆ ಆ ರೆಕಾರ್ಡಿಂಗ್ ರದ್ದಾಗುತ್ತೆ ಅಷ್ಟೆ, ಚಿಕಿತ್ಸೆ ಸಿಗೋದಿಲ್ಲ. ಸೇರಿಸಿಕೊಳ್ಳೋದು ಹೋದ ವಾರವೇ ಮುಗೀತು. ಜೊತೆಗೆ ನೀನು ಅಂಕ ಹಾಕಿದ ಅರವತ್ತೆರಡು ರೆಕಾರ್ಡಿಂಗನ್ನೂ ಅನುಮಾನದಿಂದ ನೋಡ್ತಾರೆ." ಕುರ್ಚಿಗೆ ಮರಳಿ ಕೂತು ಹೇಳಿದರು. "ನೀನು ತಿದ್ದಿ ಹೆಚ್ಚು ಹಾಕಿದ್ದರೆ ತಪ್ಪಾಗುತ್ತಿತ್ತು. ಕಡಿಮೆ ಹಾಕಿದ್ದೀಯ. ಯಾರೂ ಆಕ್ಷೇಪ ಮಾಡೋದಿಲ್ಲ." ಸಮಾಧಾನದ ಮಾತು ಎಂದೇ ಅವರು ಅದನ್ನು ಹೇಳಿದರು.

ಹಳದಿ ಫಾರಂ ತುಂಬಿ ಅವರ ಮೇಜಿನ ಮೇಲಿಟ್ಟು ಬಂದೆ. ಅದನ್ನು ಏನು ಮಾಡಿದರೋ ಗೊತ್ತಿಲ್ಲ.

ಮಾರನೆಯ ದಿನ ಮಧ್ಯಾಹ್ನ ಮೂರಕ್ಕೆ ರೈಲ್ವೆ ಡಿಪೋದ ಗೇಟಿನ ಮುಂದೆ ನಿಂತೆ. ಅಣ್ಣ ಚೀಲ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದ. ನನ್ನನ್ನು ಕಂಡು, "ಏನೇ, ದಾರಿ ತಪ್ಪಿದ್ಯಾ?" ಎಂದ. ಇಬ್ಬರೂ ಗೋಡೆಯ ಪಕ್ಕದ ಕಾಲುದಾರಿಯಲ್ಲಿ ನಡೆಯತೊಡಗಿದೆವು. ಅವನು ರಸ್ತೆಯ ಕಡೆ ನೋಡುತ್ತಿರಲಿಲ್ಲ.

"ಆ ಕಾಗದ ತಪ್ಪು ಅಣ್ಣ. ನಿನಗೆ ಕಾಯಿಲೆ ಇದೆ."

"ನಿನಗೆ ಹೇಗೆ ಗೊತ್ತು?"

"ಅಂಕ ಹಾಕಿದವಳು ನಾನೇ."

ಅವನು ನಿಂತ. "ನೀನು ಕೇಳಿದ್ಯಾ? ಹೆಸರು ಇರಲ್ಲ, ಯಾರಿಗೂ ಗೊತ್ತಾಗಲ್ಲ ಅಂತ ಆ ಹುಡುಗ ಹೇಳಿದ್ದ."

"ನಿನ್ನ ಧ್ವನಿ ಗುರುತು ಸಿಕ್ತು."

"ಎಲ್ಲಾನೂ ಕೇಳಿದ್ಯಾ?"

"ಹೂಂ."

"ಕೈ ಎತ್ತಿದ್ದು?"

"ಹೂಂ. ನೀನು ಯಾಕೆ ನಡೀತೀಯ ಅಂತಾನೂ ಗೊತ್ತಾಯ್ತು. ಅಲ್ಲಿ ಎರಡು ಅಂಕ ಬೇಕಿತ್ತು. ನನ್ನ ಅಣ್ಣ ಅಂತ ಹೆಚ್ಚು ಹಾಕಿಬಿಡ್ತೀನೋ ಅನ್ನೋ ಭಯಕ್ಕೆ ಒಂದು ಹಾಕಿದೆ."

ಅವನು ಗೋಡೆಯ ಮೇಲೆ ಬೆರಳ ಗೆಣ್ಣಿನಿಂದ ಒಮ್ಮೆ ಕುಟ್ಟಿ ನಿಲ್ಲಿಸಿದ.

"ಗೊತ್ತಾಗದವರು ಯಾರೋ ಹಾಕಿದ್ದಾರೆ ಅಂದುಕೊಂಡಿದ್ದೆ," ಎಂದ. "ನಿನಗೆ ಗೊತ್ತಾಯ್ತು. ಗೊತ್ತಾದ ಮೇಲೂ ಒಂದು ಹಾಕಿದ್ಯಾ."

"ಅಣ್ಣ, ಬೇರೆ ಆಸ್ಪತ್ರೆ ಇದೆ. ನಾನೇ ಕರ್ಕೊಂಡು ಹೋಗ್ತೀನಿ."

"ಮತ್ತೆ ಇನ್ನೊಬ್ಬರ ಮುಂದೆ ಹೇಳಬೇಕಾ? ಒಂದು ಸಲ ಹೇಳೋಕೆ ಹದಿನಾಲ್ಕು ತಿಂಗಳು ಹಿಡೀತು ಪುಟ್ಟಿ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ನೀನು ಹೊರಡು."

"ನಿನ್ನ ಜೊತೆ ಮನೆವರೆಗೆ ನಡೀತೀನಿ."

"ಬೇಡ."

ಹಿಂದಿನಿಂದ ಬಸ್ಸಿನ ಸದ್ದು ಬಂತು. ಎದುರಿಗೇ ಸ್ಟಾಪು ಇತ್ತು, ಅಲ್ಲಿ ಯಾರೂ ಇರಲಿಲ್ಲ. ಅಣ್ಣ ನನ್ನ ತೋಳು ಹಿಡಿದು ರಸ್ತೆಯ ಅಂಚಿಗೆ ಕರೆದೊಯ್ದ. ಬಿಸಿಲಿನಲ್ಲಿ ನಿಂತು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ತಾನೇ ಕೈ ಎತ್ತಿದ. ಅವನ ತುಟಿಗಳು ಬಿಳಿಚಿಕೊಂಡಿದ್ದವು.

ಬಸ್ಸು ನಮ್ಮ ಮುಂದೆಯೇ ಬಂದು ನಿಂತಿತು.

"ಹತ್ತು," ಎಂದ, ಕಣ್ಣು ತೆರೆಯದೆ.

ಹತ್ತಿದೆ.