ಬೀಗರಿಬ್ಬರಿಗೆ ಒಂದೇ ಟೆಂಟು

ಅರಸೀಕೆರೆಯ ಕರಿಬಸವಯ್ಯನವರು ತೆಂಗಿನಕಾಯಿ ವ್ಯಾಪಾರಕ್ಕೆ ಕೂತು ನಲವತ್ತು ವರ್ಷ ದಾಟಿತ್ತು. ಕಾಯನ್ನು ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸಿದರೆ ಮುಗಿಯಿತು, ಒಳಗೆ ನೀರೆಷ್ಟಿದೆ, ಒಣಗಿ ಕೊಬ್ಬರಿಯಾಗಲು ಇನ್ನೆಷ್ಟು ತಿಂಗಳು ಬೇಕು, ಕೆಟ್ಟಿದೆಯೋ ಚೆನ್ನಾಗಿದೆಯೋ, ಎಲ್ಲ ಹೇಳಿಬಿಡುತ್ತಿದ್ದರು. ಮಾರುಕಟ್ಟೆಯಲ್ಲಿ ಅವರ ಕಿವಿಗೆ ಅಷ್ಟು ಹೆಸರು. ಅಂಥವರ ಕೈಯಿಂದ ಹೋದ ಕಾಯಿಯೇ, ಅದೂ ಸ್ವಂತ ಮಗಳ ಮದುವೆಯಲ್ಲಿ, ಕೆಟ್ಟಿತ್ತು ಅಂದರೆ ಏನು ಹೇಳೋಣ ಹೇಳಿ.

ಎರಡು ವರ್ಷದ ಹಿಂದಿನ ಮಾತು ಅದು. ಒಬ್ಬಳೇ ಮಗಳು ಸ್ವಾತಿಯನ್ನು ಹಳೇಬೀಡಿನ ಬಟ್ಟೆ ವ್ಯಾಪಾರಿ ಬಸವಕುಮಾರ್ ಅವರ ಮಗ ಶಶಿಧರನಿಗೆ ಕೊಟ್ಟಿದ್ದರು. ಸೊಸೆಯನ್ನು ಮನೆ ತುಂಬಿಸಿಕೊಳ್ಳುವಾಗ ಹೊಸ್ತಿಲ ಮುಂದೆ ಒಡೆಯಲೆಂದು ಕರಿಬಸವಯ್ಯನವರೇ ಬೀಗರ ಕೈಗೆ ಕಾಯಿ ಕೊಟ್ಟರು. ಬಸವಕುಮಾರ್ ಒಡೆದರು. ಗಬ್ಬೆಂದು ವಾಸನೆ ಎದ್ದಿತು. ನೆಂಟರೆಲ್ಲ ಮುಖ ಮುಖ ನೋಡಿಕೊಂಡರು. ಅಲ್ಲಿದ್ದ ಮುದುಕಿ ಮಹದೇವಮ್ಮ, "ದೃಷ್ಟಿ ಹೋಯ್ತು ಬಿಡ್ರಪ್ಪ, ಒಳ್ಳೇದೇ ಆಯ್ತು" ಎಂದರು. ಕಾಯಿ ಕೆಟ್ಟರೆ ಹಾಗೆ ಅಂದು ಇನ್ನೊಂದು ಒಡೆಯುವುದು ಎಲ್ಲ ಮನೆಯಲ್ಲೂ ಇರುವ ವಾಡಿಕೆ. ಬಸವಕುಮಾರ್ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ನಲವತ್ತು ವರ್ಷದ ವ್ಯಾಪಾರಸ್ಥರು. ಬೀಗರಿಗೆ ಕೊಡೋಕೆ ಇದೇ ಸಿಕ್ತಾ?" ಅಂದುಬಿಟ್ಟರು. ಇವರು ಸುಮ್ಮನಿರಬಾರದಿತ್ತೇ? "ನೀವು ಬಿಸಿಲಲ್ಲಿಟ್ಟು ಕೆಡಿಸ್ಕೊಂಡಿದ್ದೀರಿ" ಅಂದರು. ಅವತ್ತಿಗೆ ಮಾತು ಬಿಟ್ಟವರು ಬಿಟ್ಟರು.

ಈಗ ಮಗಳು ಅಳಿಯ ಹಾಸನದಲ್ಲಿ ಮನೆ ಕಟ್ಟಿಸಿದ್ದರು. ಕಾರ್ತೀಕದಲ್ಲಿ ಗೃಹಪ್ರವೇಶ. ಅವರು ಬಂದರೆ ನಾನು ಬರುವುದಿಲ್ಲ ಎಂದು ಅರಸೀಕೆರೆಯಿಂದ ಒಂದು ಮಾತು ಹೋಯಿತು. ಅದೇ ಮಾತು ಹಳೇಬೀಡಿನಿಂದಲೂ ಬಂತು. ಸ್ವಾತಿ ಅಪ್ಪನ ಮಗಳೇ ಅಲ್ಲವೇ? "ಇಬ್ಬರೂ ಬಂದು ನಿಂತರೆ ಹಾಲು ಉಕ್ಕಿಸ್ತೀನಿ. ಇಲ್ಲಾಂದ್ರೆ ಮನೆಗೆ ಬೀಗ ಹಾಕಿ ಬಾಡಿಗೆ ಮನೇಲೇ ಇರ್ತೀನಿ" ಎಂದು ಫೋನಿಟ್ಟಳು. ಮಗಳ ಒಲೆಯ ಮೇಲೆ ಹಾಲು ಉಕ್ಕುವುದನ್ನು ನೋಡಬೇಕೆಂದು ಕರಿಬಸವಯ್ಯನವರ ಜೀವ ಬಡಿದುಕೊಳ್ಳುತ್ತಿತ್ತು. ಆದರೆ ತಾವಾಗಿ ಬಗ್ಗುವುದು ಮಾತ್ರ ಆಗದ ಕೆಲಸ.

ದಸರಾ ಕಳೆದ ಮೇಲೆ ಸ್ವಾತಿಯೇ ಫೋನು ಮಾಡಿದಳು. ಕರಾವಳಿಯ ರಾಷ್ಟ್ರೀಯ ಉದ್ಯಾನದಲ್ಲಿ ಅರಣ್ಯ ಇಲಾಖೆಯ ನಡಿಗೆ ಇದೆ, ಕಾಡಿನ ಗುಡ್ಡ ಹತ್ತಿ ಇಳಿದರೆ ಕಡಲು, ದಂಡೆಯ ಪಕ್ಕ ಟೆಂಟಿನಲ್ಲಿ ಒಂದು ರಾತ್ರಿ, ಬನ್ನಿ ಅಪ್ಪಾಜಿ ಎಂದಳು. ಶನಿವಾರ ಶನಿವಾರ ಮಾಲೇಕಲ್ಲು ಬೆಟ್ಟದ ಸಾವಿರ ಚಿಲ್ಲರೆ ಮೆಟ್ಟಿಲು ಹತ್ತಿಳಿಯುವ ಕರಿಬಸವಯ್ಯನವರು ಎದೆಯುಬ್ಬಿಸಿ ಒಪ್ಪಿಕೊಂಡರು. ಚೀಲಕ್ಕೆ ಬೇರೆಲ್ಲಕ್ಕಿಂತ ಮೊದಲು ಐದು ತೆಂಗಿನಕಾಯಿ ತುಂಬಿದರು. ಒಂದೊಂದನ್ನೂ ಮೂರು ಮೂರು ಸಲ ಅಲ್ಲಾಡಿಸಿ ತುಂಬಿದರು. ಆ ಮದುವೆಯಾದ ಮೇಲೆ ಅವರಿಗೆ ಎರಡು ಸಲ ಸಾಲುತ್ತಿರಲಿಲ್ಲ.

"ಸಮುದ್ರದ ಊರಿಗೆ ಕಾಯಿ ಹೊತ್ಕೊಂಡು ಹೋಗೋರನ್ನ ನಾನಂತೂ ನೋಡಿಲ್ಲ ಕಣ್ರೀ" ಎಂದರು ಮಂಡಿನೋವಿಗೆ ಮನೆಯಲ್ಲೇ ಉಳಿದ ಹೆಂಡತಿ ಕಮಲಾಕ್ಷಮ್ಮ.

"ಆ ಕಡೆ ಕಾಯಲ್ಲಿ ರುಚಿ ಎಲ್ಲೈತೆ? ಗಂಗಮ್ಮಂಗೆ ಒಡೆಯೋದು ನಮ್ಮ ಕಾಯೇ ಆಗ್ಬೇಕು."

ಬೆಳಗಾಗುವ ಹೊತ್ತಿಗೆ ಶಶಿಧರನ ಕಾರು ಅರಸೀಕೆರೆ ಬಿಟ್ಟಿತು. ಜಾವಗಲ್ ದಾಟಿ ಹಳೇಬೀಡಿನಲ್ಲಿ ಕಾರು ನಿಂತಾಗ ಕರಿಬಸವಯ್ಯನವರು ಕಾಫಿಗೆ ನಿಲ್ಲಿಸಿದ್ದಾರೆ ಅಂದುಕೊಂಡರು. ಬಾಗಿಲು ತೆಗೆದುಕೊಂಡು, ಹೊಸ ಟೋಪಿ ಹೊಸ ಬೂಟು ಹಾಕಿದ ಬಸವಕುಮಾರ್ ಒಳಗೆ ಕಾಲಿಟ್ಟರು. ಒಂದು ಕಾಲು ಒಳಗೆ, ಒಂದು ಕಾಲು ರಸ್ತೆಯಲ್ಲಿ, ಬೀಗರ ಮುಖ ಎದುರಿಗೆ.

"ಇಳಿಯೋರು ಇಳಿಬಹುದು. ಗೃಹಪ್ರವೇಶದ ಕಾರ್ಡು ಇನ್ನೂ ಅಚ್ಚಿಗೆ ಹೋಗಿಲ್ಲ" ಎಂದಳು ಸ್ವಾತಿ, ಹಿಂದಕ್ಕೆ ತಿರುಗಿಯೂ ನೋಡದೆ.

ಯಾರೂ ಇಳಿಯಲಿಲ್ಲ. ಬೇಲೂರು, ಸಕಲೇಶಪುರ ದಾಟಿ ಘಾಟಿ ಇಳಿಯುವವರೆಗೂ ಇಬ್ಬರೂ ಒಂದೊಂದು ಕಿಟಕಿ ಹಿಡಿದು ಕೂತರು. ಮಾತು ಬೇಕಾದಾಗ ಪಾಪ ಶಶಿಧರನೇ ಅಂಚೆಯವನು.

"ಅಳಿಯಂದ್ರೆ, ನಿಮ್ಮ ತಂದೆಯೋರಿಗೆ ಹೇಳಿ, ಮೊಣಕೈ ಸ್ವಲ್ಪ ಆ ಕಡೆ ಇರ್ಲಿ."

"ಶಶಿ, ನಿಮ್ಮ ಮಾವನೋರಿಗೆ ಹೇಳಪ್ಪ, ಅವರ ಚೀಲ ನನ್ನ ಜಾಗದಲ್ಲೈತೆ."

ಶಶಿಧರ ಎರಡನ್ನೂ ಚಾಚೂ ತಪ್ಪದೆ ತಲುಪಿಸಿದ. ನಗು ತಡೆದು ತಡೆದು ಅವನ ಕಿವಿ ಕೆಂಪಾಗಿತ್ತು.

ಆ ರಾತ್ರಿ ಉದ್ಯಾನದ ಹತ್ತಿರದ ವಸತಿಗೃಹದಲ್ಲಿ ಉಳಿದು, ಮಾರನೆಯ ದಿನ ನಡಿಗೆ ಶುರು ಮಾಡಿದರು. ಕರೆದುಕೊಂಡು ಹೋಗಲು ಬಂದವಳು ದಿವ್ಯಾ ಎಂಬ ಇಲಾಖೆಯ ಗೈಡು, ಅದೇ ಕಡಲೂರಿನ ಹುಡುಗಿ. ಗೇಟಿನಲ್ಲಿ ಪ್ಲಾಸ್ಟಿಕ್ ಇದೆಯೇ ಎಂದು ಚೀಲ ನೋಡಿದವಳು ಕರಿಬಸವಯ್ಯನವರ ಚೀಲದೊಳಗೆ ಕೈಹಾಕಿ ಹಾಗೇ ನಿಂತಳು.

"ಇದೆಂಥದು ಮಾರಾಯ್ರೆ? ಇಲ್ಲಿಗೆ ತೆಂಗಿನಕಾಯಿ ಹೊತ್ತು ತಂದದ್ದಾ?"

ಬಸವಕುಮಾರ್ ಅತ್ತ ತಿರುಗಿ ನಕ್ಕರು. ಕರಿಬಸವಯ್ಯನವರು ಅದನ್ನು ನೋಡಿದರು, ಮನಸ್ಸಿನಲ್ಲಿ ಬರೆದಿಟ್ಟುಕೊಂಡರು.

ಮಳೆಗಾಲ ಆಗಷ್ಟೇ ಹಿಂದೆ ಸರಿದಿತ್ತು. ಆಕಾಶ ತೊಳೆದಿಟ್ಟ ಹಾಗಿತ್ತು, ಕಾಲಡಿಯ ಎಲೆಗಳು ಇನ್ನೂ ಒದ್ದೆ. ಮೆಟ್ಟಿಲು ಹತ್ತುವುದು ಬೇರೆ, ಬೇರು ಕಲ್ಲುಗಳ ಕಾಡುದಾರಿ ಬೇರೆ ಎಂಬುದು ಕರಿಬಸವಯ್ಯನವರಿಗೆ ಅರ್ಧ ಗುಡ್ಡದಲ್ಲಿ ತಿಳಿಯಿತು. ಐದು ಕಾಯಿ ಬೆನ್ನಿಗೆ ಗುದ್ದುತ್ತಿದ್ದವು. ಉಸಿರು ಸಿಕ್ಕಿಬಿದ್ದು ಒಂದು ಬಂಡೆಯ ಮೇಲೆ ಕೂತರು.

"ಕಾಯಿ ಇಲ್ಲೇ ಬಿಡಿ ಅಪ್ಪಾಜಿ" ಎಂದಳು ಸ್ವಾತಿ.

"ಪ್ರಾಣ ಬೇಕಾದ್ರೆ ಬಿಟ್ಟೇನು."

ಬಸವಕುಮಾರ್ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಂದು, ಯಾರಿಗೂ ಏನೂ ಹೇಳದೆ, ಬೀಗರ ಚೀಲದಿಂದ ಮೂರು ಕಾಯಿ ತೆಗೆದು ತಮ್ಮ ಚೀಲಕ್ಕೆ ಹಾಕಿಕೊಂಡು ಮುಂದೆ ನಡೆದರು. ಕರಿಬಸವಯ್ಯನವರಿಗೆ ಬೇಡ ಅನ್ನಲು ಉಸಿರಿರಲಿಲ್ಲ. ಇದ್ದಿದ್ದರೂ ಅನ್ನುತ್ತಿದ್ದರೋ ಇಲ್ಲವೋ, ಆ ಮಾತು ಬೇರೆ.

ಮೂರು ಗಂಟೆಗೆ ಕಡಲು ಕಂಡಿತು. ಮರಗಳ ಅಂಚಿನಲ್ಲಿ ಎರಡೇ ಟೆಂಟು, ದಿವ್ಯಾಗೆ ಪಕ್ಕದಲ್ಲೇ ಇಲಾಖೆಯ ಕಾವಲು ಗುಡಿಸಲು. ಒಂದು ಗಂಡ ಹೆಂಡತಿಗೆ. ಇನ್ನೊಂದು ಯಾರಿಗೆ ಎಂದು ಕೇಳುವ ಅಗತ್ಯವೇ ಇರಲಿಲ್ಲ.

ಬೀಗರ ಮರ್ಯಾದೆ ಅಂದರೆ ಸಾಮಾನ್ಯವೇ? ಎಷ್ಟೇ ಮುನಿಸಿರಲಿ, ಬೀಗರಿಗಿಂತ ಮೊದಲು ಒಳಗೆ ಹೋಗುವ ಹಾಗಿಲ್ಲ. ಮೊಣಕಾಲೂರಿ ನುಗ್ಗಬೇಕಾದ ಆ ಬಾಗಿಲಲ್ಲಿ ಇಬ್ಬರೂ "ಅವರು ಹೋಗ್ಲಿ", "ಇಲ್ಲ, ಅವರೇ ಹೋಗ್ಲಿ" ಎಂದು ಶಶಿಧರನ ಮೂಲಕ ಹೇಳಿಸುತ್ತಾ ಐದು ನಿಮಿಷ ನಿಂತರು. ಕಡೆಗೆ ಚಿತ್ತಾ ಮಳೆಯೇ ತೀರ್ಮಾನ ಮಾಡಿತು. ಕಡಲ ಮೇಲಿಂದ ಒಂದು ಮೋಡ ಬಂದು ದಬದಬ ಸುರಿದದ್ದೇ ತಡ, ಇಬ್ಬರೂ ಒಟ್ಟಿಗೇ ನುಗ್ಗಿ ಭುಜಕ್ಕೆ ಭುಜ ಸಿಕ್ಕಿಕೊಂಡು ಒಳಗೆ ಬಿದ್ದರು.

ಹೊರಗೆ ಹೋಗುವ ಹಾಗಿಲ್ಲ. ನಡುವೆ ಅಂಚೆಯವನೂ ಇಲ್ಲ. ಬಸವಕುಮಾರ್ ಟೆಂಟಿನ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, "ನೈಲಾನು. ಪರವಾಗಿಲ್ಲ, ಸೋರಲ್ಲ" ಎಂದು ಬಟ್ಟೆಗೇ ಹೇಳಿದರು.

ಸಂಜೆಯಾಯಿತು, ಮಳೆ ನಿಲ್ಲಲಿಲ್ಲ. ಇಬ್ಬರೂ ಲಿಂಗಪೂಜೆಯಾಗದೆ ಬಾಯಿಗೆ ಏನೂ ಹಾಕುವವರಲ್ಲ. ಬೆನ್ನಿಗೆ ಬೆನ್ನು ಮಾಡಿ ಕೂತರು. ಕರಿಬಸವಯ್ಯನವರು ಚೀಲವನ್ನೆಲ್ಲ ತಡಕಾಡಿದರು. ಕಾಯಿಗೆ ಜಾಗ ಮಾಡುವ ಭರದಲ್ಲಿ ವಿಭೂತಿಯನ್ನು ವಸತಿಗೃಹದ ಕಿಟಕಿಯಲ್ಲೇ ಮರೆತು ಬಂದಿದ್ದರು. ವಿಭೂತಿಯಿಲ್ಲದೆ ಪೂಜೆಯಿಲ್ಲ, ಪೂಜೆಯಿಲ್ಲದೆ ಊಟವಿಲ್ಲ. ಕೇಳುವುದಾದರೂ ಹೇಗೆ? ಚೀಲವನ್ನು ಇನ್ನೊಮ್ಮೆ ತಡಕಾಡಿದರು.

ಹಿಂದಿನಿಂದ ಒಂದು ಕೈ ಬಂತು. ಅಂಗೈಯಲ್ಲಿ ಅರ್ಧ ಸವೆದ ವಿಭೂತಿ ಗಟ್ಟಿ.

"ತಗೊಳ್ಳಿ. ಇದಕ್ಕೂ ಶಶೀನ ಕರೆಯೋಕಾಗುತ್ತಾ?" ಎಂದರು ಬಸವಕುಮಾರ್.

ಎರಡು ವರ್ಷದಲ್ಲಿ ಅವರು ನೇರವಾಗಿ ಆಡಿದ ಮೊದಲ ಮಾತದು. ಕರಿಬಸವಯ್ಯನವರು ಹಣೆಗೆ ಧರಿಸಿ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆ ಮುಗಿಸಿದರು. ಕಣ್ಣು ತೆರೆದಾಗ ಎದೆಯೊಳಗೆ ಗಂಟಾಗಿದ್ದದ್ದು ತಾನಾಗಿ ಬಾಯಿಗೆ ಬಂತು.

"ಬೀಗರೆ, ಅವತ್ತು ಆ ಕಾಯಿ ನಾನು ಅಲ್ಲಾಡಿಸ್ಲಿಲ್ಲ."

ಬಸವಕುಮಾರ್ ತಿರುಗಿ ಕೂತರು.

"ಮಗಳು ಕಾಯಿ ಬುಟ್ಟಿ ಪಕ್ಕ ಬಂದು ನಿಂತ್ಕೊಂಡ್ಲು, ಹೋಗಿ ಬತ್ತೀನಿ ಅಪ್ಪಾಜಿ ಅಂದ್ಲು. ಕಣ್ಣು ತುಂಬ್ಕೊಂತು. ಕೈಗೆ ಸಿಕ್ಕಿದ್ದ ಕೊಟ್ಬಿಟ್ಟೆ. ಬಿಸಿಲಲ್ಲಿಟ್ಟು ಕೆಡಿಸ್ಕೊಂಡ್ರಿ ಅಂದಿದ್ದು ಸುಳ್ಳು. ನನ್ನದೇ ತಪ್ಪು."

ಬಸವಕುಮಾರ್ ಟೆಂಟಿನ ಬಟ್ಟೆಯನ್ನೇ ಮತ್ತೆ ಉಜ್ಜತೊಡಗಿದರು. "ಧಾರೆ ಸೀರೆ ನಮ್ಮ ಅಂಗಡೀದೇ. ನಾನೇ ಆರಿಸಿದ್ದು. ನಿಮ್ಮ ಮಗಳು ಹೇಳಿಲ್ವಾ?"

"ಏನಂತ?"

"ಮೊದಲ್ನೇ ಸಲ ಒಗೆದಾಗ್ಲೇ ಬಣ್ಣ ಬಿಡ್ತು. ಶಶಿ ಬಿಳೀ ಅಂಗಿಗಳೆಲ್ಲ ಗುಲಾಬಿ ಆದ್ವು. ಮೂವತ್ತೈದು ವರ್ಷದ ಬಟ್ಟೆ ಅಂಗಡಿ ನಂದು. ನಿಮ್ಮ ಕಾಯಿಗೆ ಅಷ್ಟು ಮಾತಾಡಿದೋನು ಯಾವ ಮುಖ ಇಟ್ಕೊಂಡು ಫೋನ್ ಮಾಡ್ಲಿ? ನಿಮಗೆ ಗೊತ್ತಾಗಿರುತ್ತೆ, ಅದಕ್ಕೇ ಬಿಗ್ಕೊಂಡಿದ್ದೀರಿ ಅಂತ ಎರಡು ವರ್ಷದಿಂದ ಅಂದ್ಕೊಂಡಿದ್ದೆ."

ಸ್ವಾತಿ ತುಟಿ ಬಿಚ್ಚಿರಲಿಲ್ಲ. ಅಪ್ಪನ ಕೈಗೆ ಆ ಸೀರೆ ಸಿಕ್ಕಿದ್ದರೆ ಅರಸೀಕೆರೆ ಮಾರುಕಟ್ಟೆಯಲ್ಲಿ ಬಾವುಟ ಮಾಡಿ ಹಾರಿಸುತ್ತಿದ್ದರು ಎಂದು ಅವಳಿಗೆ ಗೊತ್ತಿತ್ತು. ಬೀಗರ ಜಗಳ ತನ್ನ ಮನೆಯೊಳಗೆ ಬಾರದ ಹಾಗೆ ಮಗಳು ಎರಡು ವರ್ಷ ಒಬ್ಬಳೇ ತಡೆದು ನಿಂತಿದ್ದಳಲ್ಲ ಎಂದು ಕರಿಬಸವಯ್ಯನವರಿಗೆ ಈಗ ಹೊಳೆಯಿತು. ಹಿಂದೆಯೇ ಗುಲಾಬಿ ಅಂಗಿ ತೊಟ್ಟ ಅಳಿಯ ಕಣ್ಣ ಮುಂದೆ ಬಂದ. ನಗು ತಡೆಯಲಾಗಲಿಲ್ಲ. ಬಸವಕುಮಾರರೂ ಶುರು ಮಾಡಿದರು. ಪಕ್ಕದ ಟೆಂಟಿನಲ್ಲಿ ಗಂಡ ಹೆಂಡತಿ ಜಗಳವೇ ಹತ್ತಿತೇನೋ ಎಂದು ಹೆದರಿ ಮಳೆಯಲ್ಲೇ ಓಡಿಬಂದು ನೋಡಿದರೆ, ಇಬ್ಬರು ಹಿರಿಯರು ಹೊಟ್ಟೆ ಹಿಡಿದುಕೊಂಡು ಒರಗಿದ್ದರು.

ಬೆಳಿಗ್ಗೆ ಕಡಲು ಶಾಂತವಾಗಿತ್ತು. ಕಾಯಿ ಒಡೆಯಲು ದಿವ್ಯಾ ಒಪ್ಪಿದಳು, ಆದರೆ ಚಿಪ್ಪು ನಾರು ಒಂದನ್ನೂ ಇಲ್ಲಿ ಬಿಡುವಂತಿಲ್ಲ, ಹೊತ್ತುಕೊಂಡೇ ಹೋಗಬೇಕು ಎಂದಳು. ಕರಿಬಸವಯ್ಯನವರು ಐದು ಕಾಯನ್ನೂ ಸಾಲಾಗಿಟ್ಟು, ಒಂದನ್ನು ಆರಿಸಿ ಕಿವಿಗೆ ಹಿಡಿದು ಮೂರು ಸಲ ಅಲ್ಲಾಡಿಸಿದರು. ತೃಪ್ತಿಯಿಂದ ತಲೆದೂಗಿ ಬೀಗರ ಕೈಗೆ ಕೊಟ್ಟರು.

"ನೀವೇ ಒಡೀರಿ."

ಬಸವಕುಮಾರ್ ಕಲ್ಲಿಗೆ ಬಡಿದರು. ಕಾಯಿ ಎರಡು ಹೋಳಾಯಿತು. ಗಬ್ಬೆಂದು ಅದೇ ವಾಸನೆ ಎದ್ದಿತು.

ಸ್ವಾತಿಯ ಮುಖ ಬಿಳುಚಿಕೊಂಡಿತು. ಅವಳು ಗಂಡನ ತೋಳು ಹಿಡಿದುಕೊಂಡಳು. ಕರಿಬಸವಯ್ಯನವರು ನಿಂತಲ್ಲೇ ನಿಂತರು. ಕಣ್ಣೀರಿನ ನೆಪ ಈ ಸಲ ಇರಲಿಲ್ಲ. ಅಲ್ಲಾಡಿಸಿದ್ದರು, ಒಂದಲ್ಲ ಮೂರು ಸಲ, ಊರಲ್ಲೂ ಇಲ್ಲೂ. ನಲವತ್ತು ವರ್ಷ ನಂಬಿದ್ದ ಕಿವಿಗೂ ವಯಸ್ಸಾಗಿತ್ತು, ಅಷ್ಟೇ. ಇನ್ನು ಮಗಳ ಮನೆಯ ಹಾಲು ತನ್ನ ಕಣ್ಣಿಗಿಲ್ಲ ಎಂದುಕೊಂಡು ತಲೆ ತಗ್ಗಿಸಿದರು.

ಬಸವಕುಮಾರ್ ಕೈಯಲ್ಲಿದ್ದ ಹೋಳುಗಳನ್ನು ನೋಡಿದರು, ಸೊಸೆಯ ಮುಖ ನೋಡಿದರು. ಬಗ್ಗಿ ಉಪ್ಪುನೀರಿನಲ್ಲಿ ಕೈ ತೊಳೆದುಕೊಂಡರು.

"ದೃಷ್ಟಿ ಹೋಯ್ತು ಬಿಡಿ ಬೀಗರೆ" ಎಂದರು. "ಇನ್ನೊಂದು ಕೊಡಿ."

ಕರಿಬಸವಯ್ಯನವರು ಇನ್ನೊಂದು ಕೊಟ್ಟರು. ಅದನ್ನು ಅಲ್ಲಾಡಿಸುವ ಗೋಜಿಗೇ ಹೋಗಲಿಲ್ಲ. ಈ ಸಲ ಒಳಗೆ ಹಾಲಿನಂಥ ಬಿಳಿ ತಿರುಳು. ಬಸವಕುಮಾರ್ ಒಂದು ಚೂರು ಕಿತ್ತು ಬಾಯಿಗೆ ಹಾಕಿಕೊಂಡು, ಅಗಿದು, ಹೌದು ಈ ಕಡೆ ಕಾಯಿಗೆ ಈ ರುಚಿ ಇಲ್ಲ ಎಂದರು. ದಿವ್ಯಾ ಒಪ್ಪಲಿಲ್ಲ, ಆದರೂ ಒಂದು ಚೂರು ಕೇಳಿ ತಿಂದಳು.

ವಾಪಸು ಗುಡ್ಡ ಹತ್ತುವಾಗ ಕೆಟ್ಟ ಕಾಯಿಯ ಹೋಳುಗಳನ್ನು ಯಾರು ಹೊರಬೇಕು ಎಂದು ಇಬ್ಬರಿಗೂ ಜಗಳ. ನನ್ನ ಕಾಯಿ, ನಾನೇ ಹೊರುವವನು ಎಂದರು ಇವರು. ಒಡೆದವನು ನಾನು ಎಂದರು ಅವರು. ಕಡೆಗೆ ಒಬ್ಬೊಬ್ಬರು ಒಂದೊಂದು ಹೋಳು ಹೊತ್ತರು.

"ಕಾರ್ತೀಕಕ್ಕೆ ಕಾಯಿ ನಂದೇ" ಎಂದರು ಕರಿಬಸವಯ್ಯನವರು, ಏದುಸಿರು ಬಿಡುತ್ತಾ. "ಹತ್ತು ತತ್ತೀನಿ. ಒಂದಾದ್ರೂ ಚೆನ್ನಾಗಿರ್ತೈತೆ."

"ತನ್ನಿ. ಸೊಸೆಗೆ ಸೀರೆ ನಂದು" ಎಂದರು ಬಸವಕುಮಾರ್. "ಒಂದ್ಸಲ ಒಗೆದೇ ತತ್ತೀನಿ."

ಮುಂದೆ ನಡೆಯುತ್ತಿದ್ದ ಸ್ವಾತಿ ಅಪ್ಪನಿಗೆ ಕಾಣದ ಹಾಗೆ ಸೆರಗಿಲ್ಲದ್ದಕ್ಕೆ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡಳು. ಫೋನು ಸಿಗ್ನಲ್ ಹಿಡಿದ ಕೂಡಲೇ ಕಾರ್ಡು ಅಚ್ಚಿಗೆ ಹಾಕಲು ಹೇಳಿದಳು.