ಲಾಸ್ಟ್ ಓವರ್ ಸಂಘ್ಯಾ

ಯಶೋಧರಾ ಗಂಡನ ತೋರುಬೆರಳಿಗೆ ಸೂಜಿ ಚುಚ್ಚಿದಳು. ಅವಳು ಹೇಳಿದಂತೆ ಸಂಘಪಾಲ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ಬೆರಳ ತುದಿಯಲ್ಲಿ ರಕ್ತ ಹನಿಗಟ್ಟಿತು.

"ಚುಚ್ಚು, ಯಾಕ ತಡಾ ಮಾಡ್ತಿ?" ಅಂದ.

ಅವಳು ನಡುಬೆರಳಿಗೂ ಚುಚ್ಚಿದಳು. ಅದೂ ಸತ್ತಿತ್ತು. ಚೆಂಡು ಕೈ ಬಿಡುವಾಗ ಕಟ್ಟಕಡೆಗೆ ತಾಕುವುದು ಈ ಎರಡು ಬೆರಳೇ. ಆ ಮನೆ ನಿಂತಿದ್ದೂ ಇವುಗಳ ಮೇಲೇ.

ಶಹಾಬಾದಿನಿಂದ ವಾಡಿಗೆ ಹೋಗುವ ದಾರಿಯಲ್ಲಿ ಚಂದ್ರಾಮಪ್ಪ ಸಾವಕಾರನ ಕಲ್ಲಿನ ಖಣಿ. ಸಂಘಪಾಲ ಹದಿನೆಂಟಕ್ಕೇ ಅಲ್ಲಿ ಡ್ರಿಲ್ ಮಷೀನು ಹಿಡಿದವನು. ಅವನ ಅಪ್ಪ ನಾಮದೇವ ಅದೇ ಖಣಿಯ ಧೂಳು ಕುಡಿದು, ಐವತ್ತು ತುಂಬುವ ಮೊದಲೇ ಕೆಮ್ಮಿ ಕೆಮ್ಮಿ ಸತ್ತ. ಕಲ್ಲು ಕೊರೆಯುವ ಮಷೀನು ಹಿಡಿದವನ ಕೈ ಮಲಗಿದರೂ ನಡುಗುತ್ತಲೇ ಇರುತ್ತದೆ. ಸಂಘಪಾಲನ ಕೈ ಎಂಟು ವರ್ಷ ಹಾಗೆ ನಡುಗಿತು.

ಸಾವಕಾರನಿಗೆ ಟೆನಿಸ್ ಬಾಲ್ ಕ್ರಿಕೆಟ್ಟಿನ ಹುಚ್ಚು. ಖಣಿಯ ಕೂಲಿಗಳನ್ನೇ ಸೇರಿಸಿ ತಂಡ ಕಟ್ಟಿದ್ದ. ಒಮ್ಮೆ ಚಿತ್ತಾಪುರದ ಪಂದ್ಯದಲ್ಲಿ ಎದುರಿನವರಿಗೆ ಕೊನೆಯ ಓವರಿನಲ್ಲಿ ನಾಲ್ಕೇ ರನ್ ಬೇಕಿತ್ತು. ಸೋಲು ಖಾತ್ರಿ. ಸೋತ ಮೇಲೆ ಬೈಯಲಿಕ್ಕೆ ಒಬ್ಬ ಬೇಕಲ್ಲ, ಅದಕ್ಕೆ ಬೌಂಡರಿಯಲ್ಲಿ ಸುಮ್ಮನೆ ನಿಂತಿದ್ದ ಸಂಘಪಾಲನ ಕೈಗೆ ಚೆಂಡು ಕೊಟ್ಟರು. ಅವನು ಎರಡು ರನ್ ಕೊಟ್ಟು ಮೂರು ಜನರ ಕಡ್ಡಿ ಹಾರಿಸಿದ.

ಅಲ್ಲಿಂದ ಅವನ ಹೆಸರು ಲಾಸ್ಟ್ ಓವರ್ ಸಂಘ್ಯಾ. ಒಂಬತ್ತು ಓವರ್ ಬೌಂಡರಿಯಲ್ಲಿ ನಿಲ್ಲುವುದು, ಹತ್ತನೆಯದು ಎಸೆಯುವುದು, ಅಷ್ಟೇ ಅವನ ಕೆಲಸ. ಬ್ಯಾಟು ಮುಟ್ಟಿದವನಲ್ಲ. ಅವನು ಬಗ್ಗಿ ನೆಲದ ಮಣ್ಣಿಗೆ ಬೆರಳು ತಿಕ್ಕಿದನೆಂದರೆ ಸಾಕು, ಮೈಕಿನವನು ಮಾತು ನಿಲ್ಲಿಸುತ್ತಿದ್ದ. ಸೇಡಂ, ಚಿಂಚೋಳಿ, ವಾಡಿ ಎಲ್ಲಾ ಕಡೆಯಿಂದ ಸಾವಕಾರನ ಹತ್ತಿರ ಬಂದು ಅವನನ್ನು ಕೇಳಿ ಒಯ್ಯುತ್ತಿದ್ದರು, ಬಿತ್ತಿಗೆಗೆ ಎತ್ತು ಎರವಲು ಒಯ್ದ ಹಾಗೆ. ಗೆದ್ದಾಗ ಹೆಗಲ ಮೇಲೆ ಹೊತ್ತು ಕುಣಿದರು. ಅದೇ ಮಂದಿ ಊಟಕ್ಕೆ ಕೂತಾಗ ಕೆಲವು ಊರಲ್ಲಿ ಅವನ ಎಲೆ ದೂರ ಹಾಕಿದರು. ಹೆಗಲಿಗಿಲ್ಲದ ಮೈಲಿಗೆ ಪಂಕ್ತಿಗೆ ಎಲ್ಲಿಂದ ಬರುತ್ತದೋ ಅವರೇ ಹೇಳಬೇಕು.

ಐದು ಕಪ್ ತಂದ ಮೇಲೆ ಸಾವಕಾರ ಅವನನ್ನು ಡ್ರಿಲ್ಲಿನಿಂದ ಬಿಡಿಸಿ ಖಣಿಯ ಗೇಟಿನಲ್ಲಿ ಕೂಡಿಸಿದ. ಕಬ್ಬಿಣದ ಕುರ್ಚಿ, ಬೇವಿನ ನೆರಳು, ಒಳಗೆ ಹೋಗುವ ಲಾರಿಯ ನಂಬರು ಬರೆಯುವ ರಜಿಸ್ಟರು. ಕಪ್ ತರುವ ತನಕ ಕುರ್ಚಿ ನಿನ್ನದು ಅಂದಿದ್ದ. ಆ ಮಾತಿನ ಉಳಿದರ್ಧ ಹೇಳಬೇಕಾಗಿರಲಿಲ್ಲ. ಹತ್ತು ವರ್ಷ ಸಂಘಪಾಲ ಆ ಕುರ್ಚಿಯಲ್ಲಿ ಕೂತ. ಕೆಮ್ಮು ಕಮ್ಮಿಯಾಯಿತು. ಅವನು ಅಪ್ಪನ ವಯಸ್ಸು ದಾಟಿಯಾನು ಅಂತ ಯಶೋಧರಾಗೆ ಧೈರ್ಯ ಬಂತು.

ಹತ್ತನೇ ವರ್ಷದ ದೀಪಾವಳಿಯ ಹೊತ್ತಿಗೆ ಬೆರಳು ಜೋಮು ಹಿಡಿದವು. ಗಂಡಹೆಂಡತಿ ಯಾರಿಗೂ ಹೇಳದೆ ಕಲಬುರಗಿಗೆ ಹೋಗಿ ಬಂದರು. ಡಾಕ್ಟರು ವಯಸ್ಸಾದವರು, ಖಣಿಯ ಕೈಗಳನ್ನು ಬಹಳ ನೋಡಿದವರು. ಮಷೀನಿನ ನಡುಕಕ್ಕೆ ನರ ಸತ್ತಿವೆ, ಬೇನೆ ಹಳೆಯದು, ಈಗ ಹೊರಗೆ ಬಿದ್ದಿದೆ ಅಂದರು. ಅದನ್ನೇ ಚೀಟಿಯಲ್ಲಿ ಬರೆದು ಸಹಿ ಮಾಡಿ, ಜೋಪಾನವಾಗಿಡಿ ಅಂತ ಎರಡು ಸಲ ಹೇಳಿದರು.

ಯಶೋಧರಾ ಅದನ್ನು ಬಾಬಾಸಾಹೇಬರ ಫೋಟೋದ ಹಿಂದೆ ಸಿಕ್ಕಿಸಿದಳು. ಆದರೆ ಪಕ್ಕದ ಮನೆಯ ಭುವನೇಶ್ವರಿ ಹೊತ್ತಿಲ್ಲ ಗೊತ್ತಿಲ್ಲ ಒಳಗೆ ಬರುವವಳು. ಅವಳ ಗಂಡ ಮಲ್ಲು ಡ್ರಿಲ್ ಹಿಡಿಯುವವನು, ಅದೇ ತಂಡದಲ್ಲಿ ಚೆಂಡು ಎಸೆಯುವವನು, ಈಚೆಗೆ ಚಲೋ ಎಸೆಯುತ್ತಿದ್ದ. ಗೇಟಿಗೆ ಇರುವುದು ಒಂದೇ ಕುರ್ಚಿ. ಎರಡು ದಿನ ಒದ್ದಾಡಿ, ಮೂರನೇ ದಿನ ರೊಟ್ಟಿಗೆ ಒಲೆ ಹಚ್ಚುವಾಗ ಯಶೋಧರಾ ಚೀಟಿಯನ್ನು ಬೆಂಕಿಗೆ ಇಟ್ಟಳು. ಅದು ಉರಿದು ಬೂದಿಯಾದ ಮೇಲೆ ಅವಳಿಗೆ ಸರಾಗವಾಗಿ ಉಸಿರಾಡಲಿಕ್ಕೆ ಬಂತು.

ಮುಂದೆ ಎರಡು ಪಂದ್ಯ ಸಂಘಪಾಲ ಹೇಗೋ ದಾಟಿಸಿದ. ಚೆಂಡನ್ನು ಅಂಗೈಗೆ ಒತ್ತಿ ಹಿಡಿದು, ಕಣ್ಣಿನಿಂದ ಬೆರಳು ನೋಡಿಕೊಂಡು ಎಸೆದ. ಎದುರಿನವರು ಚೆಂಡಿಗೆ ಅಲ್ಲ, ಅವನ ಹೆಸರಿಗೇ ಹೆದರಿ ಔಟಾದರು. ಆಮೇಲೆ ಏಪ್ರಿಲ್‌ನಲ್ಲಿ ವಾಡಿಯಲ್ಲಿ ಜಯಂತಿ ಕಪ್ಪಿನ ಫೈನಲ್ ಬಂತು, ಸೇಡಂ ತಂಡದ ಮೇಲೆ. ಹಿಂದಿನ ದಿನವೇ ಆ ಸೂಜಿಯ ಪರೀಕ್ಷೆ.

"ಹೋಗಬ್ಯಾಡ್ರಿ," ಅಂದಳು ಯಶೋಧರಾ.

"ಹೋಗಲಿಲ್ಲಂದ್ರ ನಾಳಿಂದ ಎಲ್ಲಿ ಕುಂದರಲಿ?"

ಅವಳು ಸೂಜಿ ಒರೆಸಿ ಎತ್ತಿಟ್ಟಳು.

ಫೈನಲಿನ ದಿನ ಮೈದಾನದ ಸುತ್ತ ನೀಲಿ ಬಾವುಟ, ಕಾಲಿಡಲಿಕ್ಕೆ ಜಾಗ ಇರಲಿಲ್ಲ. ಯಶೋಧರಾ ಹೆಂಗಸರ ನಡುವೆ ಸೆರಗು ಕಚ್ಚಿಕೊಂಡು ನಿಂತಳು. ಹತ್ತನೇ ಓವರಿಗೆ ಸೇಡಂನವರಿಗೆ ಹನ್ನೊಂದು ರನ್ ಬೇಕಿತ್ತು. ಮಲ್ಲು ಒಂದೇ ಓವರ್ ಎಸೆದಿದ್ದ, ಮೂರೇ ರನ್ ಕೊಟ್ಟಿದ್ದ. ಕ್ಯಾಪ್ಟನ್ ಮೌಲಾಲಿ, ಕೀಪರೂ ಅವನೇ, ಚೆಂಡು ಹಿಡಿದು ಒಮ್ಮೆ ಮಲ್ಲುವಿನ ಕಡೆ ನೋಡಿದ. ಆದರೆ ಮೈದಾನ ಸಂಘ್ಯಾ ಸಂಘ್ಯಾ ಅಂತ ಒಂದೇ ಸಮ ಕೂಗುತ್ತಿತ್ತು. ಮೌಲಾಲಿ ಚೆಂಡು ಸಂಘಪಾಲನಿಗೆ ಕೊಟ್ಟ. ಸಂಘಪಾಲ ಬಗ್ಗಿ ಮಣ್ಣಿಗೆ ಬೆರಳು ತಿಕ್ಕಿದ. ಮಣ್ಣು ತಾಕಿತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ ಅನ್ನುವುದು ಅಷ್ಟು ಮಂದಿಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಮೊದಲನೆಯದು ವೈಡು. ಎರಡನೆಯದು ಕೈಯಿಂದ ಜಾರಿ ಮೌಲಾಲಿಯ ತಲೆ ಮೇಲಿಂದ ಬೌಂಡರಿಗೆ ಹೋಯಿತು. ಅದೂ ವೈಡು, ಬೌಂಡರಿ ಸೇರಿ ಐದು ರನ್. ಸಂಘಪಾಲ ಎರಡೂ ಬೆರಳು ಬಾಯಲ್ಲಿಟ್ಟು ಕಚ್ಚಿದ. ಮೂರನೆಯದು ಫುಲ್‌ಟಾಸ್ ಆಗಿ ಬ್ಯಾಟಿನ ಮುಂದೆ ಬಂದು ನಿಂತ ಹಾಗಾಯಿತು. ಸೇಡಂನವನು ಅದನ್ನು ಮಂದಿಯ ಆಚೆ ಹೊಡೆದ. ಲೆಕ್ಕಕ್ಕೆ ಬಂದ ಒಂದೇ ಚೆಂಡಿನಲ್ಲಿ ಆಟ ಮುಗಿದಿತ್ತು.

ಮಂದಿ ನಕ್ಕರು. ಸಂಘ್ಯಾ ಸೇಡಂನವರ ಸೆರೆ ಕುಡಿದಾನ ಅಂತ ಒಬ್ಬ ಒದರಿದ. ಸಂಘಪಾಲ ಕುಡಿದವನೇ ಅಲ್ಲ.

ಮರುದಿನ ಮುಂಜಾನೆ ಕುರ್ಚಿಯಲ್ಲಿ ಮಲ್ಲು ಕೂತಿದ್ದ. ಸಂಘಪಾಲ ಅವನ ಮುಂದಿನಿಂದಲೇ ಖಣಿಗೆ ಇಳಿದ. ಬೆರಳಿನ ಮೇಲೆ ಭರವಸೆ ಇಲ್ಲದ್ದಕ್ಕೆ ಹೆಗಲ ಟವೆಲಿನಿಂದ ಕೈಯನ್ನು ಡ್ರಿಲ್ಲಿನ ಹಿಡಿಕೆಗೆ ಕಟ್ಟಿಕೊಂಡ.

ಯಶೋಧರಾ ಸೀದಾ ಸಾವಕಾರನ ಆಫೀಸಿಗೆ ನುಗ್ಗಿದಳು. ಚಂದ್ರಾಮಪ್ಪ ಸಿಟ್ಟಾಗಲಿಲ್ಲ. ಕುಂದ್ರು ಅಂದ, ಅವಳು ಕೂಡಲಿಲ್ಲ.

"ಆ ಬೆರಳು ನಿಮ್ಮ ಮಷೀನ ತಿಂದದ ರೀ. ಮತ್ತ ಅದೇ ಮಷೀನ ಹಿಡಿ ಅಂದ್ರ ಹ್ಯಾಂಗ?"

"ಹತ್ತು ವರ್ಷ ಆತು ಅವ ಮಷೀನ ಮುಟ್ಟಿಲ್ಲ. ಚೆಂಡು ಒಗದು ಒಗದು ಕೆಡಿಸ್ಕೊಂಡಾನ. ಮಷೀನಿಂದ ಅಂತ ಬರದಿದ್ದು ಏನರ ಅದ? ತೋರ್ಸು."

ಸುಟ್ಟಿದ್ದನ್ನು ಮತ್ತೆ ಬರೆಸಲಿಕ್ಕೆ ಅವಳು ಮೂರು ಸಲ ಕಲಬುರಗಿಗೆ ಎಡತಾಕಿದಳು. ಹಳೆಯ ಡಾಕ್ಟರು ರಿಟೈರಾಗಿ ಎಲ್ಲೋ ಹೋಗಿದ್ದರು. ಹೊಸಬ ನರದ ದೌರ್ಬಲ್ಯ ಅಂತಷ್ಟೇ ಬರೆದ, ಯಾವುದರಿಂದ ಅಂತ ಬರೆಯಲಾರೆ ಅಂದ. ಅದನ್ನೇ ಒಯ್ದು ತೋರಿಸಿದಾಗ ಚಂದ್ರಾಮಪ್ಪ ಓದಿ, ನೀಟಾಗಿ ಮಡಚಿ, ಅವಳ ಕೈಗೆ ವಾಪಸು ಕೊಟ್ಟ.

ಮಳೆಗಾಲ ಮುಗಿಯುವುದರೊಳಗೆ ಸಂಘಪಾಲನ ಕೆಮ್ಮು ತಿರುಗಿ ಬಂತು, ಅಪ್ಪನ ಕೆಮ್ಮಿನ ಹಾಗೇ, ಒಳಗಿಂದ ಕಲ್ಲು ಉರುಳಿದ ಹಾಗೆ.

ಒಂದು ಮಧ್ಯಾಹ್ನ ಅವಳು ಗಂಡನಿಗೆ ಬುತ್ತಿ ಒಯ್ಯುವಾಗ ಗೇಟಿನಲ್ಲಿ ಮಲ್ಲು ಬೀಡಿ ಹಿಡಿದು ರಜಿಸ್ಟರಿನಲ್ಲಿ ಬರೆಯುತ್ತಿದ್ದ. ಅವತ್ತು ಚಿಂಚೋಳಿಯವರು ಅವನನ್ನು ಕೇಳಿಕೊಂಡು ಬಂದು ಹೋಗಿದ್ದರು. ಅವಳನ್ನು ನೋಡಿ ನಾಚಿದವನ ಹಾಗೆ ತಲೆ ತಗ್ಗಿಸಿದ. ಚರ್ಮ ಸುಟ್ಟ ವಾಸನೆ ಬಂತು. ಎಡಗೈಯ ಬೀಡಿ ಮುಗಿದು, ಕೆಂಡ ಬೆರಳ ಸಂದಿಗೆ ಕೂತಿತ್ತು. ಮಲ್ಲು ಬರೆಯುತ್ತಲೇ ಇದ್ದ.

ಅವಳು ಬೀಡಿ ಕಿತ್ತು ಒಗೆದಳು. ಮಲ್ಲು ಮೊದಲು ಬೆರಳು ನೋಡಿಕೊಂಡ, ಆಮೇಲೆ ಅವಳ ಮುಖ.

"ಬಲಗೈನೂ ಹಿಂಗೇ ಆಗ್ಯದೇನು?" ಅಂತ ಕೇಳಿದಳು. ಅವನು ಬಲಗೈ ಮುಷ್ಟಿ ಕಟ್ಟಿ ರಜಿಸ್ಟರಿನ ಕೆಳಗೆ ಸರಿಸಿದ.

"ಇವತ್ತೇ ದವಾಖಾನಿಗಿ ಹೋಗು. ಮಷೀನಿಂದ ಆಗ್ಯದ ಅಂತ ಬರಸ್ಕೊ. ಆ ಚೀಟಿ ಸುಡಬ್ಯಾಡ, ಮಲ್ಲು."

ಮಲ್ಲು ಎದ್ದು ನಿಂತ. ಅತ್ತಿತ್ತ ನೋಡಿ, ಸುಟ್ಟ ಕೈಯನ್ನು ಅಂಗಿಯ ಜೇಬಿಗೆ ಹಾಕಿದ.

"ನಿಮ್ಮ ಕಾಲಿಗಿ ಬೀಳ್ತೀನಿ ವೈನಿ," ಅಂದ. "ಯಾರ ಮುಂದನೂ ಹೇಳಬ್ಯಾಡ್ರಿ."